ಡಿಗ್ರಿ ಜೊತೆ ಇಂಟೀರಿಯರ್ ಡಿಸೈನ್, ಬೇಸಿಕ್ ಕಂಪ್ಯೂಟರ್: ಈ ಸರ್ಟಿಫಿಕೇಟುಗಳು ನಿಜಕ್ಕೂ ಎಲ್ಲಿ ನಡೆಯುತ್ತವೆ?

ಪಿಯುಸಿ ಫಲಿತಾಂಶ ಬಂತೆಂದರೆ ಉತ್ತರ ಕನ್ನಡದ ಮನೆಗಳಿಗೆ ಎರಡು ಬಗೆಯ ಸುದ್ದಿ ಒಟ್ಟಿಗೇ ಬರುತ್ತವೆ. ಒಂದು ಪತ್ರಿಕೆಯದು. ಡಿಗ್ರಿ ನಾಲ್ಕು ವರ್ಷವಲ್ಲ, ಮತ್ತೆ ಮೂರೇ ವರ್ಷ; ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಹೋಯಿತು, ರಾಜ್ಯದ್ದೇ ಶಿಕ್ಷಣ ನೀತಿ ಬರುತ್ತದೆ; ಆಯೋಗ ವರದಿ ಕೊಟ್ಟಿತು. ಇನ್ನೊಂದು ವಾಟ್ಸಾಪಿನದು. ಡಿಗ್ರಿ ಓದುತ್ತಲೇ ಆರು ತಿಂಗಳಲ್ಲಿ ಇಂಟೀರಿಯರ್ ಡಿಸೈನ್ ಕಲಿಯಿರಿ, ಬೇಸಿಕ್ ಕಂಪ್ಯೂಟರ್ ಜೊತೆಗೇ ಸಿಗುತ್ತದೆ, ಸರ್ಕಾರಿ ಮಾನ್ಯತೆ ಇದೆ, ಕೆಲಸ ಗ್ಯಾರಂಟಿ. ಮೊದಲನೆಯದನ್ನು ಓದಿದವರಿಗೆ ಡಿಗ್ರಿಯ ಮೇಲೇ ಅನುಮಾನ ಬರುತ್ತದೆ. ಆ ಅನುಮಾನದಲ್ಲಿ ಇರುವಾಗಲೇ ಎರಡನೆಯದು ಬಂದರೆ, ಸರಿ, ಇದಾದರೂ ಇರಲಿ ಎಂದು ದುಡ್ಡು ಕಟ್ಟುತ್ತಾರೆ.

ಈ ಎರಡು ಸುದ್ದಿಗಳಿಗೆ ನೇರ ಸಂಬಂಧ ಇದೆ. ಮೇಲೆ ನೀತಿ ಬದಲಾದಾಗ ಕೆಳಗೆ ಕಾಲೇಜಿನ ಟೈಮ್‌ಟೇಬಲಿನಲ್ಲಿ ಒಂದು ಖಾಲಿ ಜಾಗ ಉಂಟಾಯಿತು. ಆ ಜಾಗಕ್ಕೆ ಈಗ ಖಾಸಗಿ ಕೋರ್ಸುಗಳು ಬಂದು ಕೂರುತ್ತಿವೆ.

ಗೊಂದಲ ಶುರುವಾದದ್ದು 2021ರಲ್ಲಿ

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಡಿಗ್ರಿ ಮಟ್ಟದಲ್ಲಿ ಎಲ್ಲರಿಗಿಂತ ಮೊದಲು ಜಾರಿ ಮಾಡಿದ್ದು ಕರ್ನಾಟಕ, 2021-22ರಲ್ಲಿ. ಆ ಪದ್ಧತಿಯಲ್ಲಿ ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. ಸಾಮಾನ್ಯ ಬಿಎ, ಬಿಕಾಂ ಓದುವ ಮಕ್ಕಳ ಬಾಯಲ್ಲಿ ಸರ್ಟಿಫಿಕೇಟ್, ಡಿಪ್ಲೊಮಾ ಎಂಬ ಪದಗಳು ಓಡಾಡಲು ಶುರುವಾದದ್ದು ಆಗಲೇ. ಅದರ ಜೊತೆ ಕೌಶಲ ವಿಷಯಗಳೂ ಬಂದವು. ಡಿಜಿಟಲ್ ಫ್ಲುಯೆನ್ಸಿ ಎಂಬ ಪತ್ರಿಕೆಯನ್ನು ಎಲ್ಲ ವಿಭಾಗದವರಿಗೂ ಕಡ್ಡಾಯ ಮಾಡಿದರು. ಇತಿಹಾಸ ಓದುವ ಹುಡುಗಿಯೂ ಕಂಪ್ಯೂಟರ್ ಬಗ್ಗೆ ಒಂದಿಷ್ಟು ಓದಲೇಬೇಕಾಯಿತು.

2023ರಲ್ಲಿ ಸರ್ಕಾರ ಬದಲಾಯಿತು. ಅದೇ ಅಕ್ಟೋಬರಿನಲ್ಲಿ ಸುಖದೇವ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಆಯೋಗದ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಬಂತು: 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷ, ಮೂರು ಮುಖ್ಯ ವಿಷಯಗಳ ಹಳೇ ಪದ್ಧತಿಗೆ ವಾಪಸ್. ಅಂತಿಮ ವರದಿ ಸರ್ಕಾರದ ಕೈಸೇರಿದ್ದು 2025ರ ಆಗಸ್ಟಿನಲ್ಲಿ. ಹೀಗಾಗಿ 2021, 2022, 2023ರಲ್ಲಿ ಸೇರಿದವರಿಗೆ ಒಂದು ಪಠ್ಯಕ್ರಮ, 2024ರ ನಂತರ ಸೇರಿದವರಿಗೆ ಇನ್ನೊಂದು. ಒಂದೇ ಮನೆಯ ಅಕ್ಕ ತಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಒಂದೇ ಕಾಲೇಜಿನಲ್ಲಿ ಓದಿದರೂ ಅಂಕಪಟ್ಟಿ ಬೇರೆ ಬೇರೆ. ಅಪ್ಪ ಅಮ್ಮನಿಗೆ ತಲೆ ಕೆಡದೆ ಇರುತ್ತದೆಯೇ?

ಹಳೇ ಪದ್ಧತಿಗೆ ಮರಳುವುದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಮೂಲ ವಿಷಯವನ್ನು ಆಳವಾಗಿ ಕಲಿಸಲು ಹೆಚ್ಚು ಗಂಟೆ ಬೇಕು ಎಂಬ ಅಧ್ಯಾಪಕರ ವಾದದಲ್ಲಿ ಹುರುಳಿದೆ. ಕೌಶಲ ಪತ್ರಿಕೆಗಳನ್ನು ಕಲಿಸಲು ಲ್ಯಾಬ್ ಇಲ್ಲ, ಜನ ಇಲ್ಲ, ಸುಮ್ನೆ ನೋಟ್ಸ್ ಬರೆಸಿ ಪಾಸು ಮಾಡಿಸಿದೆವು ಎಂದವರೂ ಇದ್ದಾರೆ. ಆದರೆ ಪರಿಣಾಮ ಏನಾಯಿತು ನೋಡಿ. ಡಿಗ್ರಿಯ ಒಳಗೆ, ಡಿಗ್ರಿಯ ಫೀಸಿನಲ್ಲೇ ಅರ್ಧಂಬರ್ಧವಾದರೂ ಸಿಗುತ್ತಿದ್ದ ಕೌಶಲದ ಮಾತು ಹಿಂದೆ ಸರಿಯಿತು. ಕೌಶಲ ಬೇಕು ಎಂಬ ಆಸೆ ಮಾತ್ರ ಹಾಗೇ ಉಳಿಯಿತು. ಆಸೆ ಇರುವ ಕಡೆ ಮಾರುವವರು ಬರುತ್ತಾರೆ. ಕೆಲವು ಕಡೆ ಕಾಲೇಜಿನ ಹೊರಗೆ, ಕೆಲವು ಕಡೆ ಕಾಲೇಜಿನ ಜೊತೆ ಒಪ್ಪಂದ ಮಾಡಿಕೊಂಡು ಅದೇ ಕಟ್ಟಡದ ಒಳಗೆ.

ಇನ್ನೊಂದು ಕಾರಣ ವಿಶ್ವವಿದ್ಯಾಲಯ ಅನುದಾನ ಆಯೋಗದ್ದು, ಅಂದರೆ ಯುಜಿಸಿಯದು. ಒಂದೇ ಸಮಯಕ್ಕೆ ಎರಡು ಕೋರ್ಸು ಓದಬಹುದು ಎಂದು 2022ರ ಏಪ್ರಿಲಿನಲ್ಲಿ ಅದು ಹೇಳಿತು. ಅಲ್ಲಿ ಇದ್ದ ಷರತ್ತುಗಳು, ಅಂದರೆ ಎರಡೂ ಮಾನ್ಯತೆ ಪಡೆದ ಸಂಸ್ಥೆಗಳದ್ದೇ ಆಗಿರಬೇಕು, ತರಗತಿಯ ಸಮಯ ಒಂದರ ಮೇಲೊಂದು ಬೀಳಬಾರದು ಎಂಬುವು, ಜಾಹೀರಾತಿಗೆ ಬರುವಷ್ಟರಲ್ಲಿ ಉದುರಿಹೋದವು. "ಯುಜಿಸಿಯೇ ಅನುಮತಿ ಕೊಟ್ಟಿದೆ" ಎಂಬುದಷ್ಟೇ ಉಳಿಯಿತು.

ಒಂದೇ ಪ್ಯಾಕೇಜಿನಲ್ಲಿ ಎರಡು ಬೇರೆ ಸಾಮಾನು

ಇಂಟೀರಿಯರ್ ಡಿಸೈನನ್ನೂ ಬೇಸಿಕ್ ಕಂಪ್ಯೂಟರನ್ನೂ ಒಟ್ಟಿಗೆ ಮಾರುವುದಕ್ಕೆ ಮೇಲ್ನೋಟಕ್ಕೆ ಅರ್ಥ ಇದೆ. ಇವತ್ತು ಮನೆಯ ನಕ್ಷೆ, ಅಡುಗೆಮನೆಯ ತ್ರೀಡಿ ಚಿತ್ರ ಎಲ್ಲವೂ ಕಂಪ್ಯೂಟರಿನಲ್ಲೇ ಆಗುವುದು. ಆಟೋಕ್ಯಾಡ್, ಸ್ಕೆಚ್‌ಅಪ್ ಕಲಿಯಬೇಕಾದರೆ ಮೌಸ್ ಹಿಡಿಯಲು, ಫೈಲ್ ಉಳಿಸಲು ಬರಬೇಕಲ್ವಾ.

ಆದರೆ ಇವೆರಡರ ಸ್ವಭಾವವೇ ಬೇರೆ. ಬೇಸಿಕ್ ಕಂಪ್ಯೂಟರ್ ಎಂಬುದು ಯಾವ ಕೆಲಸಕ್ಕೆ ಹೋದರೂ ಬೇಕಾದ ಕನಿಷ್ಠ ತಿಳಿವಳಿಕೆ. ಅದೊಂದರಿಂದಲೇ ಕೆಲಸ ಸಿಗುವುದಿಲ್ಲ, ಅದಿಲ್ಲದೆ ಇದ್ದರೆ ಮಾತ್ರ ಕೆಲಸ ತಪ್ಪುತ್ತದೆ. ಇಂಟೀರಿಯರ್ ಡಿಸೈನ್ ಒಂದು ಉದ್ಯೋಗ. ಬೇರೆಯವರ ದುಡ್ಡಿನಲ್ಲಿ, ಬೇರೆಯವರ ಮನೆಯೊಳಗೆ ನಿರ್ಧಾರ ತೆಗೆದುಕೊಳ್ಳುವ ಕೆಲಸ. ಮೊದಲನೆಯದನ್ನು ಕೆಲವು ವಾರಗಳಲ್ಲಿ ಕಲಿಯಬಹುದು. ಎರಡನೆಯದಕ್ಕೆ ವರ್ಷಗಳು ಬೇಕು. ಎರಡನ್ನೂ ಆರು ತಿಂಗಳಿಗೆ ಹೊಂದಿಸಿದಾಗ ಮೊದಲನೆಯದು ಅತಿಯಾಗಿ ಎಳೆದಾಡುತ್ತದೆ, ಎರಡನೆಯದು ಕತ್ತರಿಸಿ ಮೊಟಕಾಗುತ್ತದೆ.

ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ಪೂರ್ತಿ ಒಂದು ವರ್ಷಕ್ಕೆ 40 ಕ್ರೆಡಿಟ್, ಅಂದರೆ 1200 ಗಂಟೆ. ಸಂಜೆ ಎರಡು ಗಂಟೆಯಂತೆ ವಾರಕ್ಕೆ ಐದು ದಿನ ನಡೆಯುವ ಆರು ತಿಂಗಳ ಕೋರ್ಸು ಒಂದು ದಿನವೂ ತಪ್ಪದೆ ನಡೆದರೂ ಸುಮಾರು 260 ಗಂಟೆ ಆಗುತ್ತದೆ. ಒಂಬತ್ತು ಕ್ರೆಡಿಟಿಗೂ ಕಡಿಮೆ. ಮಳೆಗಾಲದ ರಜೆ, ಹಬ್ಬ, ಪರೀಕ್ಷೆ ಕಳೆದರೆ ಇನ್ನೂ ಇಳಿಯುತ್ತದೆ. ಅದಕ್ಕೆ ಡಿಪ್ಲೊಮಾ ಎಂದು ಹೆಸರಿಡುವುದು ಧೈರ್ಯದ ಮಾತೇ.

ಕಂಪ್ಯೂಟರ್ ಸರ್ಟಿಫಿಕೇಟಿಗೆ ಎಷ್ಟು ಬೆಲೆ

ಕೇಂದ್ರ ಸರ್ಕಾರದ ನೀಲಿಟ್ ಸಂಸ್ಥೆ ನಡೆಸುವ ಕೋರ್ಸುಗಳು ಇಲ್ಲಿ ಒಳ್ಳೆಯ ಅಳತೆಗೋಲು. ತೀರಾ ಆರಂಭದ ಪರಿಚಯಕ್ಕೆ ಎಸಿಸಿ 20 ಗಂಟೆ, ಬಿಸಿಸಿ 36 ಗಂಟೆ, ಸಿಸಿಸಿ 80 ಗಂಟೆ. ಅಂದರೆ ಪತ್ರ ಟೈಪ್ ಮಾಡುವುದು, ಲೆಕ್ಕದ ಹಾಳೆ, ಇಮೇಲ್, ಆನ್‌ಲೈನ್ ಪಾವತಿ, ಮೋಸದಿಂದ ಪಾರಾಗುವುದು ಇಷ್ಟಕ್ಕೆ 80 ಗಂಟೆ ಸಾಕು ಎಂದು ಸರ್ಕಾರಿ ಸಂಸ್ಥೆಯೇ ಹೇಳುತ್ತದೆ. ಇದೇ ವಿಷಯವನ್ನು ಯಾರಾದರೂ ಒಂದು ವರ್ಷ ಎಳೆದು ಸಾವಿರಗಟ್ಟಲೆ ಕೇಳಿದರೆ, ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ಹೆಚ್ಚು ಕಲಿಯಬೇಕು ಎಂದರೆ ಐಟಿಐಯಲ್ಲಿ ಕಂಪ್ಯೂಟರ್ ಆಪರೇಟರ್ ಕೆಲಸ ಕಲಿಸುವ ಕೋಪಾ ಟ್ರೇಡ್ ಇದೆ. ಎಸ್ಸೆಸ್ಸೆಲ್ಸಿ ಆದವರಿಗೆ ಒಂದು ವರ್ಷದ ಕೋರ್ಸು, ದೇಶದಲ್ಲೆಲ್ಲ ನಡೆಯುವ ಪ್ರಮಾಣಪತ್ರ.

ಸರ್ಕಾರಿ ಕೆಲಸಕ್ಕೆ ಈ ಸರ್ಟಿಫಿಕೇಟ್ ಕಡ್ಡಾಯ ಎಂಬ ಮಾತನ್ನೂ ಬಿಡಿಸಿ ನೋಡಬೇಕು. ರಾಜ್ಯದಲ್ಲಿ 2012ರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷಾ ನಿಯಮಗಳಿವೆ. ಅವು ಕೆಲಸದಲ್ಲಿ ಇರುವ ನೌಕರರಿಗೆ. ಅವರು ಬರೆಯಬೇಕಾದ ಪರೀಕ್ಷೆಯನ್ನು ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ನಡೆಸಿಕೊಂಡು ಬಂದಿದೆ. ಯಾವುದೋ ಕೇಂದ್ರದ ಸರ್ಟಿಫಿಕೇಟ್ ತೋರಿಸಿ ಆ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಇನ್ನು ಗ್ರೂಪ್ ಸಿ ಹುದ್ದೆಗಳ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಕನ್ನಡ, ಇಂಗ್ಲಿಷ್ ಜೊತೆ ಕಂಪ್ಯೂಟರ್ ಜ್ಞಾನದ ಪ್ರಶ್ನೆಗಳು ಬರುತ್ತವೆ. ಅಲ್ಲಿಯೂ ಕೇಳುವುದು ಉತ್ತರವನ್ನು, ಕಾಗದವನ್ನಲ್ಲ. ಕೆಲವು ಹುದ್ದೆಗಳ ಅಧಿಸೂಚನೆಯಲ್ಲಿ ನಿರ್ದಿಷ್ಟ ಪ್ರಮಾಣಪತ್ರ ಕೇಳಿರಬಹುದು. ಹಾಗಿದ್ದರೆ ಯಾವ ಸಂಸ್ಥೆಯದು ನಡೆಯುತ್ತದೆ ಎಂಬುದು ಅದೇ ಅಧಿಸೂಚನೆಯಲ್ಲಿ ಇರುತ್ತದೆ, ಓದಿಕೊಂಡರೆ ಆಯಿತು.

ನಮ್ಮ ಜಿಲ್ಲೆಯಲ್ಲಿ ಕಂಪ್ಯೂಟರ್ ಬರುವವರಿಗೆ ಕೆಲಸ ಇರುವುದು ಎಲ್ಲಿ? ಗ್ರಾಮ ಒನ್ ಕೇಂದ್ರಗಳಲ್ಲಿ, ಪಂಚಾಯಿತಿಯಲ್ಲಿ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಊರೂರಲ್ಲಿ ಇರುವ ಸೇವಾ ಸಹಕಾರಿ ಸಂಘಗಳಲ್ಲಿ, ಅಡಿಕೆ ವ್ಯಾಪಾರದ ಅಂಗಡಿಗಳಲ್ಲಿ, ಗೋಕರ್ಣ, ಮುರ್ಡೇಶ್ವರದ ಲಾಡ್ಜುಗಳಲ್ಲಿ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ 2022ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಸಂಘಗಳ ಲೆಕ್ಕ ಪುಸ್ತಕದಿಂದ ಪರದೆಗೆ ಹೋಗುತ್ತಿದೆ. ಇಂಥ ಕಡೆ ಬೇಕಾಗುವುದು ಕನ್ನಡದಲ್ಲಿ ತಪ್ಪಿಲ್ಲದೆ ವೇಗವಾಗಿ ಟೈಪ್ ಮಾಡುವುದು, ನುಡಿ ತಂತ್ರಾಂಶದಲ್ಲೂ ಯೂನಿಕೋಡಿನಲ್ಲೂ ಕೆಲಸ ಮಾಡಲು ಬರುವುದು, ಸೇವಾಸಿಂಧು, ಕಾವೇರಿ, ಇ-ಸ್ವತ್ತು ತಂತ್ರಾಂಶಗಳಲ್ಲಿ ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಹುಡುಕುವುದು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಕಲಿಯಲು ದಿನಕ್ಕೆ ಅರ್ಧ ಗಂಟೆಯಂತೆ ಒಂದು ತಿಂಗಳು ಸಾಕು. ಆದರೂ ಬಹಳಷ್ಟು ಬೇಸಿಕ್ ಕೋರ್ಸುಗಳ ಪಠ್ಯದಲ್ಲಿ ಕನ್ನಡ ಟೈಪಿಂಗ್ ಇರುವುದೇ ಇಲ್ಲ. ಪೇಂಟ್ ತೆರೆದು ಮನೆ ಚಿತ್ರ ಬಿಡಿಸುವುದು ಇರುತ್ತದೆ.

ಲೈಸೆನ್ಸೇ ಇಲ್ಲದ ಉದ್ಯೋಗ

ಈಗ ಇಂಟೀರಿಯರ್ ಡಿಸೈನಿಗೆ ಬರೋಣ. ಗೊಂದಲ ಜಾಸ್ತಿ ಇರುವುದು ಇಲ್ಲೇ.

ಭಾರತದಲ್ಲಿ ಇಂಟೀರಿಯರ್ ಡಿಸೈನರ್ ಆಗಲು ಯಾವ ಪರವಾನಗಿಯೂ ಬೇಡ. ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ವೈದ್ಯರಿಗೆ ಮೆಡಿಕಲ್ ಕಮಿಷನ್ ಇದೆ, ಆರ್ಕಿಟೆಕ್ಟುಗಳಿಗೆ 1972ರ ಕಾಯ್ದೆ ಮತ್ತು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಇದೆ. ಇಂಟೀರಿಯರ್ ಡಿಸೈನರುಗಳಿಗೆ ಅಂಥ ಶಾಸನಬದ್ಧ ಮಂಡಳಿ ಇಲ್ಲ. 1972ರಲ್ಲಿ ಶುರುವಾದ ಐಐಐಡಿ ಎಂಬ ವೃತ್ತಿಪರರ ಸಂಘ ಇದೆ. ಆದರೆ ಅದು ಸಂಘ, ಪರವಾನಗಿ ಕೊಡುವ ಅಧಿಕಾರ ಅಲ್ಲ. ಆರ್ಕಿಟೆಕ್ಟುಗಳ ವಿಷಯದಲ್ಲೂ ಕಾಯ್ದೆ ಕಾಪಾಡುವುದು ಆ ಹೆಸರನ್ನು ಮಾತ್ರ, ನೋಂದಣಿ ಇಲ್ಲದವರು ಆ ಕೆಲಸ ಮಾಡುವುದನ್ನು ಅದು ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚಿನಲ್ಲಿ ಹೇಳಿದೆ.

ಇದರಿಂದ ಎರಡು ಪರಿಣಾಮಗಳಿವೆ. ಮೊದಲನೆಯದು ಒಳ್ಳೆಯದು. ಹಣ ಇಲ್ಲದ, ದೊಡ್ಡ ಕಾಲೇಜಿಗೆ ಹೋಗಲಾಗದ ಹುಡುಗ ಹುಡುಗಿಯರಿಗೂ ಈ ಉದ್ಯೋಗದ ದಾರಿ ತೆರೆದಿದೆ. ಬಡಗಿ ಕೆಲಸದಿಂದ ಶುರು ಮಾಡಿ ಇಡೀ ಮನೆಯ ಒಳಾಂಗಣದ ಗುತ್ತಿಗೆ ಹಿಡಿಯುವವರು ಎಷ್ಟೋ ಜನ ಇದ್ದಾರೆ. ಎರಡನೆಯದು, ಪರವಾನಗಿ ಇಲ್ಲದ ಉದ್ಯೋಗದಲ್ಲಿ "ಮಾನ್ಯತೆ ಪಡೆದ ಸರ್ಟಿಫಿಕೇಟ್" ಇದ್ದರೆ ಮಾತ್ರ ಕೆಲಸ ಎಂಬ ಮಾತಿಗೆ ಕಾಲೇ ಇಲ್ಲ. ಗ್ರಾಹಕ ಕೇಳುವುದು ನೀವು ಮಾಡಿದ ಮನೆ ತೋರಿಸಿ ಎಂದು. ಬೆಂಗಳೂರಿನ ಸಂಸ್ಥೆ ಕೇಳುವುದು ನಿಮ್ಮ ಡ್ರಾಯಿಂಗ್ ತೋರಿಸಿ ಎಂದು.

ಹಾಗಾದರೆ ಸರ್ಟಿಫಿಕೇಟ್ ವ್ಯರ್ಥವೇ? ಹಾಗೂ ಅಲ್ಲ. ಅದು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ಗೊತ್ತಿರಬೇಕು ಅಷ್ಟೆ.

ಮಾನ್ಯತೆ ಯಾರದು, ಯಾವ ಕೆಲಸಕ್ಕೆ

ಡಿಗ್ರಿ ಕೊಡುವ ಅಧಿಕಾರ ಇರುವುದು 1956ರ ಯುಜಿಸಿ ಕಾಯ್ದೆಯ 22ನೇ ಕಲಂ ಒಪ್ಪುವ ವಿಶ್ವವಿದ್ಯಾಲಯಗಳಿಗೆ ಮಾತ್ರ. ಆದ್ದರಿಂದ ಇಂಟೀರಿಯರ್ ಡಿಸೈನಿನಲ್ಲಿ ಬಿಎಸ್ಸಿ, ಬಿಡಿಸೈನ್ ಅಥವಾ ಬಿವೋಕ್ (ವೃತ್ತಿ ಶಿಕ್ಷಣದ ಡಿಗ್ರಿ) ಎಂದರೆ, ಅಂಕಪಟ್ಟಿ ಕೊಡುವುದು ಯಾವ ವಿಶ್ವವಿದ್ಯಾಲಯ ಎಂದು ಕೇಳಬೇಕು. ಕಟ್ಟಡದ ಮೇಲಿನ ಬೋರ್ಡು ಮುಖ್ಯ ಅಲ್ಲ. ಅದರ ಕೆಳಗೆ ತಾಂತ್ರಿಕ ಶಿಕ್ಷಣ ಇಲಾಖೆಯ ಮೂರು ವರ್ಷದ ಡಿಪ್ಲೊಮಾ, ಅದರ ಕೆಳಗೆ ಐಟಿಐಯ ಒಂದು ವರ್ಷದ ಒಳಾಂಗಣ ವಿನ್ಯಾಸ ಟ್ರೇಡ್. ಇವೆಲ್ಲ ಸರ್ಕಾರಿ ಲೆಕ್ಕದಲ್ಲಿ ನಿಲ್ಲುವ ಕಾಗದಗಳು. ಮುಂದಿನ ಓದಿಗೆ, ಬ್ಯಾಂಕ್ ಸಾಲಕ್ಕೆ, ನೇಮಕಾತಿಗೆ ಬೇಕಾದರೆ ಇವೇ ಬೇಕು. ಖಾಸಗಿ ಕೇಂದ್ರದ ಆರು ತಿಂಗಳ ಕಾಗದ ಈ ಏಣಿಯ ಮೇಲೆ ಇಲ್ಲವೇ ಇಲ್ಲ. ಉದಾಹರಣೆಗೆ, ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿ. ಡಿಗ್ರಿ ಆದವರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಆದವರಿಗೆ 1500 ರೂಪಾಯಿ, ಎರಡು ವರ್ಷದವರೆಗೆ. ಗೋಡೆಗೆ ತೂಗುಹಾಕಿದ ಖಾಸಗಿ "ಡಿಪ್ಲೊಮಾ" ಹಿಡಿದುಕೊಂಡು ಹೋದರೆ ಅಲ್ಲಿ ನಡೆಯುವುದಿಲ್ಲ.

ದೂರದ ವಿಶ್ವವಿದ್ಯಾಲಯದ ಹೆಸರು ಹೇಳಿ ಇಲ್ಲೇ ತರಗತಿ ನಡೆಸುತ್ತೇವೆ ಎಂದರೆ ಇನ್ನೂ ಎಚ್ಚರ ಬೇಕು. ಇದರ ಬಿಸಿ ಕರ್ನಾಟಕಕ್ಕೆ ಚೆನ್ನಾಗಿಯೇ ತಟ್ಟಿದೆ. ಖಾಸಗಿ ಸಂಸ್ಥೆಗಳ ಜೊತೆ ಕೈಜೋಡಿಸಿ ರಾಜ್ಯದ ಹೊರಗೂ ಕೋರ್ಸು ನಡೆಸಿದ ಕಾರಣಕ್ಕೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕೋರ್ಸುಗಳಿಗೆ 2012-13ರ ನಂತರ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರ ಜೂನಿನಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿ ಬಂದದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ದುಡ್ಡು ಕಟ್ಟಿ ಓದಿದವರು ಅಲೆದಾಡಿದ್ದು ಇನ್ನೂ ಮರೆತಿಲ್ಲ. ಅದು ಸರ್ಕಾರದ್ದೇ ವಿಶ್ವವಿದ್ಯಾಲಯ! ಅದಕ್ಕೇ ಆ ಗತಿಯಾದರೆ ಬಸ್‌ಸ್ಟ್ಯಾಂಡ್ ಪಕ್ಕದ ಮಹಡಿಯ ಸ್ಟಡಿ ಸೆಂಟರಿನ ಮಾತೇನು?

ಮಾನ್ಯತೆ ಪರೀಕ್ಷಿಸಲು ಹೆಚ್ಚಿನವರು ಗಮನಿಸದ ಒಂದು ಉಪಾಯ ಇದೆ: ಬಿಲ್ಲು ನೋಡುವುದು. ಕಾನೂನು ಒಪ್ಪಿದ ಪದವಿ, ಡಿಪ್ಲೊಮಾದ ಭಾಗವಾಗಿ ಕೊಡುವ ಶಿಕ್ಷಣಕ್ಕೆ ಜಿಎಸ್‌ಟಿ ಇಲ್ಲ. ಸರ್ಕಾರಿ ಕೌಶಲ ಮಂಡಳಿಗಳ ಅನುಮೋದನೆ ಪಡೆದ ತರಬೇತಿಗೂ ವಿನಾಯಿತಿ ಇದೆ. ಉಳಿದ ಖಾಸಗಿ ತರಬೇತಿಗೆ 18 ಶೇಕಡ ತೆರಿಗೆ. 50,000 ರೂಪಾಯಿ ಫೀಸಿಗೆ 9,000 ರೂಪಾಯಿ ತೆರಿಗೆ ಹಾಕಿ ಬಿಲ್ಲು ಕೊಟ್ಟರು ಎಂದರೆ, ನಮ್ಮ ಕೋರ್ಸಿಗೆ ಅಂಥ ಮಾನ್ಯತೆ ಇಲ್ಲ ಎಂದು ಅವರೇ ತೆರಿಗೆ ಇಲಾಖೆಗೆ ಹೇಳಿದ ಹಾಗೆ. ಗೋಡೆಯ ಮೇಲೆ ಒಂದು, ಬಿಲ್ಲಿನಲ್ಲಿ ಇನ್ನೊಂದು. ಆದರೆ ತೆರಿಗೆ ಇಲ್ಲದ ಕೂಡಲೇ ಮಾನ್ಯತೆ ಇದೆ ಎಂದು ತಿಳಿಯಬೇಡಿ. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಇರುವ ಸಣ್ಣ ಕೇಂದ್ರಗಳು ಜಿಎಸ್‌ಟಿ ನೋಂದಣಿಯನ್ನೇ ಮಾಡಿಸಬೇಕಿಲ್ಲ.

ಉಪ್ಪುಗಾಳಿ, ಮಳೆ, ಚಿರೇಕಲ್ಲು

ಕಾಗದದ ಮಾತು ಬಿಟ್ಟು ಕಲಿಕೆಯ ಮಾತಿಗೆ ಬಂದರೆ ದೊಡ್ಡ ಸಮಸ್ಯೆ ಕಾಣುವುದು ಇಲ್ಲಿ. ಈ ಕೋರ್ಸುಗಳ ಪಠ್ಯ ಹೆಚ್ಚಾಗಿ ಮಹಾನಗರದ ಅಪಾರ್ಟ್‌ಮೆಂಟಿಗೆ ಮಾಡಿದ್ದು. ಹತ್ತನೇ ಮಹಡಿಯ ಫ್ಲ್ಯಾಟು, ಕಾಂಕ್ರೀಟ್ ಕಂಬ, ಮಧ್ಯೆ ಎಲ್ಲಿ ಬೇಕಾದರೂ ತೆಗೆಯಬಹುದಾದ ಪಾರ್ಟಿಶನ್ ಗೋಡೆ, ಫಾಲ್ಸ್ ಸೀಲಿಂಗ್, ಎಂಡಿಎಫ್ ಹಲಗೆಯ ಮಾಡ್ಯುಲರ್ ಅಡುಗೆಮನೆ.

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಅಥವಾ ಅದಕ್ಕೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ನಾಲ್ಕು ತಿಂಗಳು ಗೋಡೆ ಒಣಗುವುದಿಲ್ಲ. ಎಂಡಿಎಫ್ ಎಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ. ಅಂಚಿನಿಂದ ತೇವ ಹೊಕ್ಕರೆ ಊದಿಕೊಳ್ಳುತ್ತದೆ, ಒಮ್ಮೆ ಊದಿದ್ದು ಮತ್ತೆ ಕುಗ್ಗುವುದಿಲ್ಲ. ಪ್ಲೈವುಡ್‌ನಲ್ಲೂ ದರ್ಜೆಗಳಿವೆ. ಐಎಸ್ 303 ಎಂಬ ಭಾರತೀಯ ಮಾನಕದ ಅಡಿಯಲ್ಲಿ ಬರುವ ಎಂಆರ್ ದರ್ಜೆಯದು ಒಣ ಜಾಗಕ್ಕೆ ಸರಿ. ಅಡುಗೆಮನೆಯ ಸಿಂಕಿನ ಕೆಳಗೆ, ಬಚ್ಚಲುಮನೆಯ ಪಕ್ಕ ಹಾಕಬೇಕಾದರೆ ಐಎಸ್ 710ರ ಮರೈನ್ ದರ್ಜೆ ಬೇಕು. ದರದಲ್ಲಿ ಅಂತರ ಜಾಸ್ತಿ. ಗುತ್ತಿಗೆದಾರ ಕಡಿಮೆ ದರ್ಜೆಯದನ್ನು ಹಾಕಿ ಮೇಲೆ ಲ್ಯಾಮಿನೇಟ್ ಅಂಟಿಸಿದರೆ ಮೊದಲ ಮಳೆಗಾಲದವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಹಲಗೆಯ ಮೇಲಿನ ಮುದ್ರೆ ಓದಲು ಬರುವ ಡಿಸೈನರ್ ಬೇಕಾದದ್ದು ಇದಕ್ಕೇ. ಬಣ್ಣ ಹೊಂದಿಸಲು ಮಾತ್ರ ಅಲ್ಲ.

ಸಮುದ್ರದ ಹತ್ತಿರ ಉಪ್ಪುಗಾಳಿಯ ಕಾಟ ಬೇರೆ. ಸಾಮಾನ್ಯ ಕಬ್ಬಿಣದ ಕೀಲು, ಡ್ರಾಯರ್ ಚಾನೆಲ್ ಬೇಗ ತುಕ್ಕು ಹಿಡಿಯುತ್ತವೆ. ಸ್ಟೇನ್‌ಲೆಸ್ ಎಂದು ಕೊಟ್ಟದ್ದರಲ್ಲೂ 304 ದರ್ಜೆಗಿಂತ 316 ದರ್ಜೆ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಉಪ್ಪಿನ ಕಾಟ ಇಲ್ಲ, ಗೆದ್ದಲು ಮತ್ತು ಬೂಷ್ಟಿನ ಕಾಟ ಇದೆ. ಒಂದೇ ಜಿಲ್ಲೆಯೊಳಗೆ ಎರಡು ಬಗೆಯ ಮನೆ, ಎರಡು ಬಗೆಯ ಹವೆ. ಪಠ್ಯಪುಸ್ತಕದಲ್ಲಿ ಎರಡೂ ಇಲ್ಲ.

ಗೋಡೆಯ ವಿಷಯ ಇನ್ನೂ ಗಂಭೀರ. ನಮ್ಮ ಹಳೇ ಮನೆಗಳಲ್ಲಿ ಬಹಳಷ್ಟು ಚಿರೇಕಲ್ಲಿನವು, ಅಂದರೆ ಜಂಬಿಟ್ಟಿಗೆಯವು. ಅಲ್ಲಿ ಮಾಡಿನ ಭಾರ ಹೊರುವುದು ಗೋಡೆಯೇ, ಕಂಬ ಅಲ್ಲ. ಓಪನ್ ಕಿಚನ್ ಬೇಕು ಎಂದು ನಡುಗೋಡೆ ಒಡೆಸುವುದು ಫ್ಲ್ಯಾಟಿನಲ್ಲಿ ಮಾಡಿದಷ್ಟು ಸುಲಭ ಅಲ್ಲ, ಮೇಲೆ ತೊಲೆ ಕೊಡದೆ ಒಡೆದರೆ ಮಾಡೇ ಕೆಳಗೆ ಬರಬಹುದು. ಆರು ತಿಂಗಳಲ್ಲಿ ತ್ರೀಡಿ ಚಿತ್ರ ಮಾಡಲು ಕಲಿತವರಿಗೆ ಪರದೆಯ ಮೇಲೆ ಗೋಡೆ ಅಳಿಸುವುದು ಒಂದು ಕ್ಲಿಕ್ಕಿನ ಕೆಲಸ. ಯಾವ ಗೋಡೆ ಭಾರ ಹೊತ್ತಿದೆ, ಎಂಜಿನಿಯರನ್ನು ಯಾವಾಗ ಕರೆಯಬೇಕು ಎಂಬುದನ್ನು ಕಲಿಸದ ಕೋರ್ಸು ಅಪೂರ್ಣ ಮಾತ್ರ ಅಲ್ಲ, ಅಪಾಯಕಾರಿ.

ಇನ್ನೊಂದು ವಿಚಿತ್ರ ಇದೆ. ಕೆತ್ತನೆಗೆ ಹೆಸರಾದ ಗುಡಿಗಾರರು ಇರುವುದು ಈ ಜಿಲ್ಲೆಯಲ್ಲಿ ಮತ್ತು ಪಕ್ಕದ ಶಿವಮೊಗ್ಗದಲ್ಲಿ. ಕೆಂಪು ಬಿಳಿಯ ಕಾವಿ ಕಲೆ ಉಳಿದಿರುವುದು ಕೊಂಕಣ ಕರಾವಳಿಯ ಗುಡಿಗಳ ಗೋಡೆಗಳ ಮೇಲೆ. ಗೋಕರ್ಣದ ರೆಸಾರ್ಟಿಗೂ ಶಿರಸಿಯ ಹೋಮ್‌ಸ್ಟೇಗೂ ಬರುವ ಪ್ರವಾಸಿ ನೋಡಲು ಬಯಸುವುದು ಇಂಥದ್ದನ್ನೇ. ಜಗುಲಿ, ಮರದ ಕಂಬ, ಹಂಚಿನ ಮಾಡು. ಕೋರ್ಸಿನಲ್ಲಿ ಹೇಳಿಕೊಡುವುದು ಸ್ಕ್ಯಾಂಡಿನೇವಿಯನ್ ಶೈಲಿ. ಇಲ್ಲಿಯದನ್ನು ಕಲಿತರೆ ಇಲ್ಲಿಯೇ ಕೆಲಸ ಇತ್ತು.

ಕಾಲೇಜಿನವರು ಏನು ಹೇಳುತ್ತಾರೆ

ಕಾಲೇಜುಗಳನ್ನು ಸುಮ್ನೆ ಬಯ್ಯುವುದೂ ನ್ಯಾಯ ಅಲ್ಲ. ಬಿಎ, ಬಿಎಸ್ಸಿಗೆ ಸೇರುವವರನ್ನು ಹುಡುಕಬೇಕಾದ ಸ್ಥಿತಿ ಸಣ್ಣ ಊರುಗಳಲ್ಲಿ ಇದೆ. ಕರಾವಳಿಯ ಮಕ್ಕಳು ಮಂಗಳೂರು, ಉಡುಪಿ ಕಡೆ ಹೋಗುತ್ತಾರೆ, ಘಟ್ಟದ ಮೇಲಿನವರು ಹುಬ್ಬಳ್ಳಿ, ಧಾರವಾಡ, ಬೆಂಗಳೂರಿಗೆ. ಏನಾದರೂ ಹೊಸದು ಇದ್ದರೆ ಮಾತ್ರ ಪಾಲಕರು ನಮ್ಮ ಕಡೆ ನೋಡುತ್ತಾರೆ ಎಂಬುದು ಆಡಳಿತ ಮಂಡಳಿಗಳ ಮಾತು. ಹೆಣ್ಣುಮಕ್ಕಳನ್ನು ದೂರ ಕಳಿಸದ ಮನೆಗಳಿಗೆ ಊರಲ್ಲೇ ಸಿಗುವ ಕೋರ್ಸು ಒಂದೇ ದಾರಿ ಎಂಬುದೂ ನಿಜ. ಪಾಲಕರ ವಾದ ಸರಳ: ಮೂರು ವರ್ಷ ಬಿಎ ಓದಿ ಮನೆಯಲ್ಲಿ ಕೂರುವ ಬದಲು ಕೈಯಲ್ಲಿ ಒಂದು ಕೆಲಸ ಇರಲಿ.

ಎದುರು ವಾದ ಅಧ್ಯಾಪಕರದು. ಅತಿಥಿ ಉಪನ್ಯಾಸಕರ ಮೇಲೇ ನಡೆಯುತ್ತಿರುವ ಕಾಲೇಜಿನಲ್ಲಿ ಇರುವ ವಿಷಯಕ್ಕೇ ಜನ ಇಲ್ಲ, ಹೊಸದನ್ನು ಯಾರು ಕಲಿಸಬೇಕು? ಹೊರಗಿನ ಸಂಸ್ಥೆ ಬಂದು ಕಲಿಸಿದರೆ ಅದರ ಗುಣಮಟ್ಟ ನೋಡುವವರು ಯಾರು? ಆರ್ಕಿಟೆಕ್ಟುಗಳು, ಅನುಭವಿ ಗುತ್ತಿಗೆದಾರರದು ಇನ್ನೊಂದು ದೂರು: ಕೋರ್ಸು ಮುಗಿಸಿ ಬಂದವರಿಗೆ ಟೇಪು ಹಿಡಿದು ಕೋಣೆ ಅಳೆಯಲು ಬರುವುದಿಲ್ಲ, ಎಷ್ಟು ಹಲಗೆ ಬೇಕು ಎಂದು ಅಂದಾಜುಪಟ್ಟಿ ಮಾಡಲು ಬರುವುದಿಲ್ಲ. ಚಿತ್ರ ಮಾತ್ರ ಬಹಳ ಚಂದ.

ನನಗೆ ಆರ್ಕಿಟೆಕ್ಟುಗಳು, ಗುತ್ತಿಗೆದಾರರ ಮಾತು ಹೆಚ್ಚು ಸರಿ ಕಾಣುತ್ತದೆ. ಯಾಕೆಂದರೆ ಚಿತ್ರ ಮಾಡುವ ಕೆಲಸದ ಬೆಲೆ ದಿನೇದಿನೇ ಇಳಿಯುತ್ತಿದೆ. ಖಾಲಿ ಕೋಣೆಯ ಫೋಟೋ ಹಾಕಿದರೆ ನಿಮಿಷದಲ್ಲಿ ನಾಲ್ಕು ಬಗೆಯ ಒಳಾಂಗಣ ತೋರಿಸುವ ಎಐ ತಂತ್ರಾಂಶಗಳು ಗ್ರಾಹಕನ ಮೊಬೈಲಿಗೇ ಬಂದಿವೆ. ಅವಕ್ಕೆ ಸಿಂಕಿನ ಕೆಳಗಿನ ತೇವ ಗೊತ್ತಿಲ್ಲ, ಹಂಚಿನ ಮಾಡಿನ ಸೋರಿಕೆ ಗೊತ್ತಿಲ್ಲ, ಆಚಾರಿಯ ಜೊತೆ ದರ ಮಾತಾಡಲು ಬರುವುದಿಲ್ಲ. ಮನುಷ್ಯರಿಗೆ ಉಳಿಯುವ ಕೆಲಸ ಅದೇ. ಆರು ತಿಂಗಳ ಕೋರ್ಸು ಬಿಟ್ಟುಬಿಡುವುದೂ ಅದನ್ನೇ.

ಮುಂದೆ ಏನಾಗಬಹುದು

ಹೀಗೇ ಬಿಟ್ಟರೆ, 2024ರಲ್ಲಿ ಸೇರಿದ ಮೊದಲ ತಂಡ 2027ರಲ್ಲಿ ಡಿಗ್ರಿ ಮುಗಿಸಿ ಬರುವಾಗ ಇಬ್ಭಾಗ ಕಾಣುತ್ತದೆ. ದುಡ್ಡಿದ್ದವರ ಕೈಯಲ್ಲಿ ಡಿಗ್ರಿ ಜೊತೆ ಒಂದೆರಡು ಕಾಗದ, ಇಲ್ಲದವರ ಕೈಯಲ್ಲಿ ಡಿಗ್ರಿ ಮಾತ್ರ. ಆ ಕಾಗದಗಳಿಂದ ಕೌಶಲ ಬರದೇ ಇದ್ದರೂ ಅರ್ಜಿಯಲ್ಲಿ ಬರೆದುಕೊಳ್ಳಲು ಒಂದು ಸಾಲು ಜಾಸ್ತಿ ಇರುತ್ತದೆ. ಬೇಸಿಕ್ ಕಂಪ್ಯೂಟರಿನಂಥ ಕನಿಷ್ಠ ತಿಳಿವಳಿಕೆಗೆ ಬೇರೆ ಫೀಸು ಕಟ್ಟುವುದು ರೂಢಿಯಾದರೆ ಅದನ್ನು ಮತ್ತೆ ಡಿಗ್ರಿಯೊಳಗೆ ತರುವುದು ಕಷ್ಟ.

ತರಲು ದೊಡ್ಡ ಖರ್ಚೇನೂ ಬೇಕಿಲ್ಲ. 80 ಗಂಟೆ ಎಂದರೆ ವಾರಕ್ಕೆ ಮೂರು ಗಂಟೆಯಂತೆ ಎರಡು ಸೆಮಿಸ್ಟರು. ಹೆಚ್ಚಿನ ಕಾಲೇಜಿನಲ್ಲಿ ಒಂದು ಲ್ಯಾಬ್ ಹೇಗೂ ಇರುತ್ತದೆ. ಕನ್ನಡ ಟೈಪಿಂಗ್, ಲೆಕ್ಕದ ಹಾಳೆ, ಸರ್ಕಾರಿ ಪೋರ್ಟಲುಗಳು ಇಷ್ಟನ್ನು ಅಲ್ಲೇ ಕಲಿಸಿ, ಪರೀಕ್ಷೆ ಬೇಕೆಂದವರು ನೀಲಿಟ್‌ಗೆ ಕಟ್ಟಿಕೊಳ್ಳಲಿ. ಇಂಟೀರಿಯರ್ ಡಿಸೈನನ್ನು ಕಾಲೇಜು ನಿಜವಾಗಿ ಕಲಿಸಬೇಕೆಂದರೆ ವಿಶ್ವವಿದ್ಯಾಲಯದ ಅಂಕಪಟ್ಟಿ ಬರುವ ಬಿವೋಕ್ ಕೇಳಬಹುದು. ಅರ್ಧ ಸಮಯ ತರಗತಿ, ಅರ್ಧ ಸಮಯ ಸೈಟು. ಬಡಗಿಯೂ ಗುಡಿಗಾರನೂ ಬಂದು ಪಾಠ ಮಾಡಬೇಕು. ಅದಕ್ಕೆ ತಯಾರಿಲ್ಲದ ಕಾಲೇಜು, ಇದು ಪರಿಚಯದ ಕೋರ್ಸು ಮಾತ್ರ ಎಂದು ಬರೆದು, ಅದಕ್ಕೆ ತಕ್ಕ ಸಣ್ಣ ಫೀಸು ಇಡಲಿ. ಅದರಲ್ಲಿ ತಪ್ಪೇನಿಲ್ಲ. ಆಸಕ್ತಿ ಇದೆಯೋ ಇಲ್ಲವೋ ಎಂದು ತಿಳಿಯಲು ಅಷ್ಟು ಸಾಕು.

ರಸೀದಿ ಯಾರ ಹೆಸರಿನಲ್ಲಿದೆ?

ಸೇರಿಯೇ ಬಿಟ್ಟಿದ್ದೇವೆ, ಈಗ ತರಗತಿ ಸರಿಯಾಗಿ ನಡೆಯುತ್ತಿಲ್ಲ ಎನ್ನುವವರು ಮೊದಲು ನೋಡಬೇಕಾದದ್ದು ರಸೀದಿಯನ್ನು. ಕಾಲೇಜು, ವಿಶ್ವವಿದ್ಯಾಲಯಗಳ ಶಿಕ್ಷಣ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಕೋಚಿಂಗ್ ಕೇಂದ್ರಗಳು ಬರುತ್ತವೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಜನವರಿಯಲ್ಲಿ ಹೇಳಿದೆ. ಕಾಲೇಜಿನ ಕಟ್ಟಡದಲ್ಲಿ ಖಾಸಗಿ ಸಂಸ್ಥೆ ನಡೆಸುವ ಕೋರ್ಸಿಗೆ ದುಡ್ಡು ತೆಗೆದುಕೊಂಡವರು ಯಾರು ಎಂಬುದರ ಮೇಲೆ ನೀವು ಯಾವ ಬಾಗಿಲು ತಟ್ಟಬೇಕು ಎಂಬುದು ನಿರ್ಧಾರವಾಗುತ್ತದೆ. ರಸೀದಿ ಇಲ್ಲದೆ ಫೋನ್‌ಪೇಯಲ್ಲಿ ಯಾರದೋ ಸ್ವಂತ ಖಾತೆಗೆ ಕಳಿಸಿದ್ದರೆ ಅದರ ಸ್ಕ್ರೀನ್‌ಶಾಟ್, ಜಾಹೀರಾತಿನ ಫೋಟೋ, ಕೆಲಸ ಕೊಡಿಸುತ್ತೇವೆ ಎಂದ ಸಂದೇಶ ಎಲ್ಲವನ್ನೂ ಉಳಿಸಿಕೊಳ್ಳಿ. ಕೋಚಿಂಗ್ ಕೇಂದ್ರಗಳು ನೂರಕ್ಕೆ ನೂರು ಕೆಲಸ ಗ್ಯಾರಂಟಿ ಎಂದು ಜಾಹೀರಾತು ಕೊಡುವುದರ ವಿರುದ್ಧ 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿಯನ್ನೇ ತಂದಿದೆ.

ದೂರು ಕೊಡಲು ಬೆಂಗಳೂರಿಗೆ ಓಡಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸಂಸ್ಥೆ ಎಲ್ಲಿಯದಾದರೂ ಸರಿ, ಆನ್‌ಲೈನ್ ಕೋರ್ಸಾದರೂ ಸರಿ. ಜಿಲ್ಲಾ ಆಯೋಗ ಕಾರವಾರದಲ್ಲಿದೆ. ಕಟ್ಟಿದ ಹಣ ಐದು ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ತೊಂದರೆಯಾದ ಎರಡು ವರ್ಷದೊಳಗೆ ಕೊಡಬೇಕು.